‘ಮಾತುಕತೆ ಮುರಿದುಬಿತ್ತು’ ಅಂದ್ರೆ, ಮುರಿದೋರು ಯಾರು?

ನಮಸ್ಕಾರ,

ಮೊದಲನೇ ಮಹಾಯುದ್ಧ ಶುರುವಾದ 1914ರ ಜುಲೈ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. ಭಾಷೆ ಚೆನ್ನಾಗಿದೆ, ಇಸವಿಗಳೆಲ್ಲ ಸರಿಯಾಗಿವೆ, ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಊರಿಗೆ ನುಗ್ಗಿದ್ದನ್ನ ಬರ್ದಿರೋ ಕೊನೇ ಪ್ಯಾರಾ ಇಷ್ಟ ಆಯ್ತು. ಆದ್ರೆ ಈಗಿರೋ ಹಾಗೇ ಹಾಕಕ್ಕಾಗಲ್ಲ. ಎರಡು ಸಾಲು ನಂಗೆ ನಿದ್ದೆ ಮಾಡಕ್ಕೆ ಬಿಡ್ಲಿಲ್ಲ, ಅವೆರಡರ ಬಗ್ಗೆ ಮಾತ್ರ ಹೇಳ್ತೀನಿ.

ಮೊದಲನೇದು: “ಸರಾಯೆವೊದಲ್ಲಿ ಗುಂಡು ಹಾರಿತು, ಯುರೋಪ್ ಹೊತ್ತಿ ಉರಿಯಿತು.”

ಮಧ್ಯ ಒಂದು ಕಾಮ ಹಾಕಿದೀರಲ್ಲ, ಅದರೊಳಗೆ ಒಂದಿಡೀ ತಿಂಗಳು ಹೂತುಹೋಗಿದೆ. ಸರಾಯೆವೊದಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ಕೊಲೆ ಆಗಿದ್ದು ಜೂನ್ 28ಕ್ಕೆ, ಅದಕ್ಕೆ ಸರ್ಬಿಯಾನೇ ಹೊಣೆ ಅಂತ ಆಸ್ಟ್ರಿಯಾ-ಹಂಗೇರಿ ಅದರ ಮೇಲೆ ಯುದ್ಧ ಸಾರಿದ್ದು ಜುಲೈ 28ಕ್ಕೆ. ಬೆಂಕಿ ಅಷ್ಟು ನಿಧಾನಕ್ಕೆ ಹತ್ತಿಕೊಳ್ಳಲ್ಲ, ಯಾರೋ ಕೂತು ಊದಬೇಕು. ಜುಲೈ 5ಕ್ಕೆ ವಿಯೆನ್ನಾದೋರು, ಅಂದ್ರೆ ಆಸ್ಟ್ರಿಯಾ-ಹಂಗೇರಿ ಸರ್ಕಾರದೋರು, ಬರ್ಲಿನ್‌ಗೆ ಹೋಗಿ ಕೇಳಿದಾಗ ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್‌ಹೆಲ್ಮ್ ‘ನೀವು ಮುಂದುವರೀರಿ, ನಾವಿದೀವಿ’ ಅನ್ನೋ ಅರ್ಥದಲ್ಲಿ ಮಾತು ಕೊಟ್ರು. ಹಂಗೇರಿಯ ಪ್ರಧಾನಿ ಟೀಸಾ ಬೇಡ ಬೇಡ ಅಂತಿದ್ರು, 14ಕ್ಕೆ ಅವರೂ ಒಪ್ಪಿದ್ರು. ಆಸ್ಟ್ರಿಯಾ ಸೈನಿಕರಲ್ಲಿ ಎಷ್ಟೋ ಜನ ಸುಗ್ಗಿ ರಜೆ ಮೇಲೆ ಊರಿಗೆ ಹೋಗಿದ್ರು, ಅದಕ್ಕೂ ಕಾಯಬೇಕಾಯ್ತು. ಅದರ ಜೊತೆಗೆ ಫ್ರಾನ್ಸ್ ಅಧ್ಯಕ್ಷ ಪ್ವಾಂಕಾರೆ ಆಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯಾದೋರ ಜೊತೆ ಇದ್ರು, ಅವರು ಹಡಗು ಹತ್ತಿ ಹೊರಡೋ ಹೊತ್ತನ್ನ ಲೆಕ್ಕ ಹಾಕಿ ವಿಯೆನ್ನಾದೋರು 23ರ ಸಂಜೆ ಆರಕ್ಕೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಅಲ್ಟಿಮೇಟಮ್, ಅಂದ್ರೆ ಷರತ್ತುಗಳ ಕೊನೇ ಎಚ್ಚರಿಕೆ ಪತ್ರ ಕೊಟ್ರು, 48 ಗಂಟೆ ಗಡುವು. ಇಷ್ಟೆಲ್ಲ ನಿಮಗೆ ಗೊತ್ತು ಅಂತ ಲೇಖನದ ಬೇರೆ ಕಡೆ ನೋಡಿದ್ರೆ ಗೊತ್ತಾಗುತ್ತೆ, ಗೊತ್ತಿದ್ದೂ ಯಾಕೆ ಬಿಟ್ರಿ?

ಎರಡನೇದು ಇನ್ನೂ ನೋವು ಕೊಟ್ಟ ಸಾಲು: “ಮಾತುಕತೆಗಳು ಮುರಿದುಬಿದ್ದು ಯುದ್ಧ ಅನಿವಾರ್ಯವಾಯಿತು.”

ನಾನು ಕೆಲಸ ಕಲೀತಿದ್ದಾಗ ಒಂದು ಕಾರ್ಖಾನೆ ಮುಷ್ಕರದ ವರದಿಗೆ ಕಳ್ಸಿದ್ರು. ಮೂರು ದಿನ ಗೇಟ್ ಹತ್ರ ನಿಂತು ಬಂದು ‘ಮಾತುಕತೆ ಮುರಿದುಬಿತ್ತು’ ಅಂತ ಬರ್ದೆ. ನಮ್ಮ ಹಿರಿಯ ಉಪಸಂಪಾದಕರು ಆ ಸಾಲಿನ ಕೆಳಗೆ ಪೆನ್ನಿಟ್ಟು ಕೇಳಿದ್ದು ಒಂದೇ, “ಕುರ್ಚಿ ಬಿಟ್ಟು ಮೊದ್ಲು ಎದ್ದೋರು ಯಾರಪ್ಪ?” ನಂಗೆ ಗೊತ್ತಿರ್ಲಿಲ್ಲ. ವಾಪಸ್ ಹೋಗಿ ಕೇಳ್ಕೊಂಡು ಬಾ ಅಂದ್ರು, ರಾತ್ರಿ ಬಸ್ ಹಿಡಿದು ಹೋದೆ, ಒಳಗೆ ಟೀ ಕೊಡೋಕೆ ಹೋಗಿದ್ದ ಹುಡುಗ ಹೇಳ್ದ, ಮ್ಯಾನೇಜರ್ ಕಾರ್ ಬೆಳಿಗ್ಗೆಯಿಂದ್ಲೇ ಸ್ಟಾರ್ಟ್ ಮಾಡಿ ನಿಲ್ಸಿತ್ತು ಅಂತ. ಅವರು ಎದ್ದು ಹೋಗಬೇಕು ಅಂತಾನೇ ಬಂದು ಕೂತಿದ್ರು. ಆ ಕಾರಿನ ವಿಷಯ ಮೊದಲ ಪ್ಯಾರಾದಲ್ಲಿ ಬಂತು, ಆಮೇಲೆ ನಾನು ‘ಮುರಿದುಬಿತ್ತು’ ಅಂತ ಒಂದು ದಿನಾನೂ ಬರ್ದಿಲ್ಲ.

ನಿಮ್ಮ ಕಥೇಲೂ ಅಂಥದ್ದೇ ಒಂದು ಗಾಡಿ ಇದೆ ನೋಡಿ. ಜುಲೈ 25, ಬೆಲ್‌ಗ್ರೇಡ್. ಸರ್ಬಿಯಾದ ಮಂತ್ರಿಗಳು ಕೊನೇ ಗಳಿಗೆವರ್ಗೂ ಉತ್ತರ ತಿದ್ದುತಾ ಕೂತಿದ್ರು, ಟೈಪ್‌ರೈಟರ್ ಕೆಟ್ಟು ಕೈಯಲ್ಲೇ ಬರೀಬೇಕಾಯ್ತು, ಹೊಡೆದು ಹಾಕಿದ ಸಾಲುಗಳಿದ್ದ ಆ ಹಾಳೇನ ಪ್ರಧಾನಿ ಪಾಶಿಚ್ ತಾವೇ ತಗೊಂಡು ಆರು ಗಂಟೆಗೆ ಸ್ವಲ್ಪ ಮುಂಚೆ ಆಸ್ಟ್ರಿಯಾ ರಾಯಭಾರಿ ಗೀಸಲ್ ಹತ್ರ ಬಂದ್ರು. ಹೆಚ್ಚಿನ ಷರತ್ತಿಗೆ ಒಪ್ಪಿಗೆ ಇತ್ತು, ಕೆಲವಕ್ಕೆ ಜಾಣತನದ ನುಣುಚಿಕೆ ಇತ್ತು, ನಮ್ಮ ನೆಲದಲ್ಲಿ ನಿಮ್ಮ ಅಧಿಕಾರಿಗಳು ತನಿಖೆ ಮಾಡೋದು ಮಾತ್ರ ಆಗಲ್ಲ ಅಂತಿತ್ತು. ಗೀಸಲ್ ಅದರ ಮೇಲೆ ಕಣ್ಣಾಡಿಸಿದ್ರು ಅಷ್ಟೇ. ಸಂಬಂಧ ಕಡಿದುಕೊಳ್ಳೋ ಪತ್ರ ಮೊದಲೇ ರೆಡಿ ಇತ್ತು, ಪ್ರಯಾಣದ ಬಟ್ಟೆ ಮೈಮೇಲಿತ್ತು, ಆರೂವರೆ ರೈಲಿಗೆ ಹೊರಟೇಬಿಟ್ರು. ಇದನ್ನ ‘ಮುರಿದುಬಿತ್ತು’ ಅಂತೀರಾ? ಮಡಕೆ ಕೈಜಾರಿ ಬಿದ್ದಿದ್ದಲ್ಲ ಇದು.

‘ಅನಿವಾರ್ಯ’ ಅನ್ನೋ ಪದಾನಂತೂ ಒಪ್ಪೋದೇ ಇಲ್ಲ. 1912ರ ಡಿಸೆಂಬರ್‌ನಲ್ಲಿ ಬಾಲ್ಕನ್ ಯುದ್ಧದ ನಡುವೆ ಇದೇ ದೇಶಗಳ ರಾಯಭಾರಿಗಳು ಲಂಡನ್‌ನಲ್ಲಿ ಬ್ರಿಟನ್ ವಿದೇಶಾಂಗ ಮಂತ್ರಿ ಎಡ್ವರ್ಡ್ ಗ್ರೇ ಕರೆದ ಸಭೇಲಿ ಕೂತು, ದೊಡ್ಡ ದೇಶಗಳು ಒಬ್ಬರ ಮೇಲೊಬ್ಬರು ಬೀಳದ ಹಾಗೆ ನೋಡ್ಕೊಂಡಿದ್ರು. 1914ರ ಜುಲೈ 26ಕ್ಕೆ ಗ್ರೇ ಮತ್ತೆ ಅಂಥದ್ದೇ ಸಭೆ ಕರೆದ್ರು, ಜರ್ಮನಿ ಮಾರನೇ ದಿನ ಬೇಡ ಅಂತು. 28ರ ಬೆಳಿಗ್ಗೆ ಸರ್ಬಿಯಾದ ಉತ್ತರ ಓದಿದ ಕೈಸರ್, ಯುದ್ಧಕ್ಕೆ ಇನ್ನು ಕಾರಣಾನೇ ಉಳಿದಿಲ್ಲ ಅಂತ ಬರ್ದು, ಆಸ್ಟ್ರಿಯಾ ಸೇನೆ ಬೆಲ್‌ಗ್ರೇಡ್ ಹಿಡಿದು ಅಲ್ಲೇ ನಿಂತು ಮಾತಾಡ್ಲಿ ಅನ್ನೋ ಸಲಹೆ ಕೊಟ್ರು. ಅವರ ಚಾನ್ಸಲರ್ ಬೆಟ್‌ಮಾನ್ ಹೋಲ್‌ವೆಗ್ ಅದನ್ನ ಸಂಜೆವರ್ಗೂ ಇಟ್ಕೊಂಡು, ಮಾತು ಬದಲಾಯಿಸಿ ಕಳ್ಸಿದ್ರು. ಅಷ್ಟೊತ್ತಿಗೆ ವಿಯೆನ್ನಾದಿಂದ ಯುದ್ಧ ಸಾರಿದ ತಂತಿ ಹೋಗಿ ಆಗಿತ್ತು. 29ರ ರಾತ್ರಿ, ಸರ್ಬಿಯಾ ಪರ ಇದ್ದ ರಷ್ಯಾದ ಚಕ್ರವರ್ತಿ ತ್ಸಾರ್ ನಿಕೊಲಾಸ್, ಕೈಸರ್ ಕಳ್ಸಿದ ತಂತಿ ನೋಡಿ ಪೂರ್ತಿ ಸೇನೆ ಜಮಾಯಿಸೋ ಆರ್ಡರ್ ನಿಲ್ಲಿಸಿದ್ರು. ನಿಲ್ಲಿಸಕ್ಕೆ ಆಗುತ್ತೆ ಅಂತ ಅಲ್ಲೇ ಗೊತ್ತಾಯ್ತಲ್ಲ. ಮಾರನೇ ದಿನ ವಿದೇಶಾಂಗ ಮಂತ್ರಿ ಸಜೋನೊವ್ ಹೋಗಿ ಎದುರು ಕೂತು ಒಪ್ಪಿಸಿದ್ರು, ಮತ್ತೆ ಯಾರೂ ಮನಸ್ಸು ಬದಲಾಯಿಸಬಾರದು ಅಂತ ಸೇನಾ ಮುಖ್ಯಸ್ಥ ಯಾನುಷ್ಕೆವಿಚ್ ನನ್ನ ಫೋನೇ ಒಡೆದುಹಾಕ್ತೀನಿ ಅಂದಿದ್ರು.

ಒಬ್ಬೊಬ್ಬರಿಗೂ ಹೆಸರಿದೆ, ಎದುರಿಗೆ ಇನ್ನೊಂದು ದಾರಿ ಇತ್ತು. ‘ಅನಿವಾರ್ಯ’ ಅಂದ ಕೂಡ್ಲೇ ಇವರೆಲ್ಲರನ್ನೂ ನೀವು ಬಿಟ್ಟು ಕಳ್ಸಿದ ಹಾಗಾಗುತ್ತೆ. ಆಮೇಲೆ ಈ ಯುದ್ಧಕ್ಕೆ ಅಂತ ಹೊರದೇಶಕ್ಕೆ ಹೋದ 10 ಲಕ್ಷಕ್ಕೂ ಹೆಚ್ಚು ಭಾರತೀಯರು, ನಿಮ್ಮದೇ ಪ್ಯಾರಾದ ಮೈಸೂರಿನ ಆ ಸವಾರರು, ಅವರ್ಯಾರನ್ನೂ ಈ ಕೋಣೆಗಳಲ್ಲಿ ಯಾರೂ ಒಂದು ಮಾತು ಕೇಳಿರ್ಲಿಲ್ಲ. ಅವರಲ್ಲಿ ಸತ್ತೋರು ಯಾರ ತೀರ್ಮಾನಕ್ಕೆ ಸತ್ರು ಅಂತ ಹೇಳೋದು ಬರೆಯೋರ ಕೆಲಸ ಅಂತ ನಾನು ಗಟ್ಟಿಯಾಗಿ ನಂಬಿದೀನಿ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಆರೂವರೆ ರೈಲಿಂದ ಶುರು ಮಾಡಿ ಇನ್ನೊಂದು ಸಲ ಬರೀರಿ. ‘ಆಯಿತು, ಬಿತ್ತು, ಉಂಟಾಯಿತು’ ಬಂದ ಕಡೆಯೆಲ್ಲ ನಿಂತು, ಮಾಡಿದ್ದು ಯಾರು ಅಂತ ಹುಡುಕಿ ಹೆಸರು ಹಾಕಿ. ಹೈಫಾ ಪ್ಯಾರಾ ಮುಟ್ಟಬೇಡಿ. ಮುಂದಿನ ತಿಂಗಳು 10ರೊಳಗೆ ನಂಗೇ ಕಳ್ಸಿ, ಬೇರೆಯೋರ ಕೈಗೆ ಕೊಡಲ್ಲ, ನಾನೇ ಓದ್ತೀನಿ.