ಕೇಳಿದ್ದು ತಪ್ಪಲ್ಲ, ಮತ್ತೆ ಕೇಳಿ

"ರೋಬೋಟಿಕ್ ಸರ್ಜರಿಯಲ್ಲಿ ಪ್ರಾಸ್ಟೇಟ್ ತೆಗೆದು ಐದು ತಿಂಗಳಾಯಿತು. ಕ್ಯಾನ್ಸರ್ ಹೋಗಿದೆ, ನಿಮಿರುವಿಕೆ ಮಾತ್ರ ಬಂದಿಲ್ಲ. ಡಾಕ್ಟರನ್ನು ಕೇಳಿದರೆ 'ಜೀವ ಉಳಿಯಿತಲ್ಲ, ಈ ವಯಸ್ಸಲ್ಲಿ ಅದೆಲ್ಲ ಯಾಕೆ' ಅಂದರು. ಹೆಂಡತಿಯೂ ಈ ಮಾತು ಎತ್ತುವುದಿಲ್ಲ. ನಾನು ಕೇಳಿದ್ದೇ ತಪ್ಪಾ?"
– ಹೆಸರು ಬೇಡ ಎಂದ ಓದುಗರು

ಸಂ: ಜೀವ ಮೊದಲು, ಒಪ್ಪಿದೆ. ಕ್ಯಾನ್ಸರ್ ನಿಮಿರುವಿಕೆಯ ನರದವರೆಗೂ ಹಬ್ಬಿದ್ದರೆ ಆ ನರವನ್ನೂ ತೆಗೆಯಲೇಬೇಕು. ಆದರೆ "ಈ ವಯಸ್ಸಲ್ಲಿ ಯಾಕೆ" ಅನ್ನೋದು ಬಾಯಿ ಮುಚ್ಚಿಸುವ ಮಾತು. ಓದಿ ನನಗೆ ಸಿಟ್ಟೇ ಬಂತು.

ಈ ನರಗಳು ಪ್ರಾಸ್ಟೇಟ್‌ನ ಎರಡೂ ಪಕ್ಕದಲ್ಲಿ ಅದಕ್ಕೆ ಅಂಟಿಕೊಂಡ ಹಾಗೆ ಸಾಗುತ್ತವೆ. 1981ರಲ್ಲಿ ಅಮೆರಿಕದ ಸರ್ಜನ್ ಪ್ಯಾಟ್ರಿಕ್ ವಾಲ್ಶ್, ಡಚ್ ವೈದ್ಯ ಪೀಟರ್ ಡಾಂಕರ್ ಜೊತೆ ಸೇರಿ ಅವುಗಳ ದಾರಿ ಪತ್ತೆ ಮಾಡಿದರು, ಮರುವರ್ಷವೇ ನರ ಉಳಿಸಿ ಆಪರೇಷನ್ ಮಾಡಿ ತೋರಿಸಿದರು. ಆಗ ರೋಬೋಟ್ ಎಲ್ಲಿತ್ತು? ಈಗ ಜಾಹೀರಾತು ನೋಡಿದರೆ ನರ ಉಳಿಸೋದು ಯಂತ್ರವೇ ಅನ್ನಿಸಬೇಕು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ತೆರೆದ ಸರ್ಜರಿಯನ್ನೂ ರೋಬೋಟಿಕ್ ಸರ್ಜರಿಯನ್ನೂ ಹೋಲಿಸಿದಾಗ, ಎರಡು ವರ್ಷವಾದ ಮೇಲೂ ಲೈಂಗಿಕ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸರ್ಜನ್‌ನ ಕೈ ಮುಖ್ಯ. ಜೊತೆಗೆ ನಿಮ್ಮ ವಯಸ್ಸು, ಸಕ್ಕರೆ ಕಾಯಿಲೆ, ಮೊದಲು ಹೇಗಿತ್ತು ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ನಿಮಗಿನ್ನೂ ಐದೇ ತಿಂಗಳು. ಕತ್ತರಿಸದೆ ಬಿಟ್ಟ ನರವೂ ಎಳೆದಾಟಕ್ಕೆ ಮಂಕಾಗುತ್ತದೆ, ಚೇತರಿಸಿಕೊಳ್ಳಲು ಎರಡು ವರ್ಷ ಹಿಡಿದರೂ ಹಿಡಿಯಬಹುದು. ಹಾಗಂತ ಸುಮ್ನೆ ಕೂರಬೇಡಿ. ಎರಡೂ ಕಡೆಯ ನರ ಉಳಿಸಿದರಾ, ಒಂದೇ ಕಡೆಯದಾ, ಕೇಳಿ. ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳಿವೆ (ಎದೆನೋವಿಗೆ ನೈಟ್ರೇಟ್ ತಗೊಳ್ಳುವವರು ಇವನ್ನು ಮುಟ್ಟಲೇಬಾರದು), ವ್ಯಾಕ್ಯೂಮ್ ಪಂಪ್ ಇದೆ, ಶಿಶ್ನಕ್ಕೇ ಕೊಡುವ ಇಂಜೆಕ್ಷನ್ ಇದೆ, ಯಾವುದೂ ಆಗದಿದ್ದರೆ ಶಿಶ್ನದೊಳಗೆ ಕೂರಿಸುವ ಇಂಪ್ಲಾಂಟ್ ಇದೆ.

ನನ್ನ ಹಿರಿಯ ಸ್ನೇಹಿತರೊಬ್ಬರಿಗೆ ಆಪರೇಷನ್ ಆದಮೇಲೆ ಮೊದಲ ಸಲ ಸುಖದ ತುದಿ ಮುಟ್ಟಿದಾಗ ವೀರ್ಯವೇ ಬರಲಿಲ್ಲ. ಏನೋ ಕೆಟ್ಟಿದೆ ಅಂತ ಹೆದರಿ, ಹೆಂಡತಿಗೂ ಹೇಳದೆ ಬೇರೆ ಕೋಣೆಯಲ್ಲಿ ಮಲಗಲು ಶುರುಮಾಡಿದರು. ಪ್ರಾಸ್ಟೇಟ್ ಜೊತೆ ವೀರ್ಯಕೋಶಗಳನ್ನೂ ತೆಗೆಯುವುದರಿಂದ ಅದು ಸಹಜ. ನಿಮಿರುವಿಕೆ ಇಲ್ಲದಿದ್ದರೂ ಆ ಸುಖ ಸಿಗುತ್ತದೆ. ಇಷ್ಟು ಹೇಳೋಕೆ ಒಂದು ನಿಮಿಷ ಸಾಕಿತ್ತು, ಅಲ್ವಾ?

ಆದರೆ ನಡೆಯೋದು ಇಷ್ಟೇ: ಒಪ್ಪಿಗೆ ಪತ್ರದ ಮೂಲೆಯಲ್ಲಿ ಈ ಬಗ್ಗೆ ಒಂದು ಸಾಲು, ಆಪರೇಷನ್ನಿನ ಹಿಂದಿನ ಸಂಜೆ ಒಂದು ಸಹಿ, ಹೆಂಡತಿ ಹೊರಗಿನ ಬೆಂಚಿನ ಮೇಲೆ. ಪಿಎಸ್ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆ) ಇಳಿದರೆ ಗುಣವಾಯಿತು ಅಂತ ಕಡತ ಮುಚ್ಚುತ್ತಾರೆ. ಸ್ತನ, ಗರ್ಭಕೋಶ ತೆಗೆಸಿಕೊಂಡ ಹೆಂಗಸರನ್ನು ಇಷ್ಟೂ ಕೇಳುವವರಿಲ್ಲ.

ಮುಂದಿನ ಸಲ ಹೆಂಡತಿಯನ್ನೂ ಒಳಗೆ ಕರೆದುಕೊಂಡು ಹೋಗಿ. ಆ ಡಾಕ್ಟರು ಮತ್ತೆ ಅದೇ ಮಾತಾಡಿದರೆ ಆಂಡ್ರಾಲಜಿಸ್ಟ್ (ಗಂಡಸರ ಲೈಂಗಿಕ ಸಮಸ್ಯೆಗಳ ತಜ್ಞರು) ಒಬ್ಬರನ್ನು ನೋಡಿ, ತಡ ಮಾಡಬೇಡಿ.