‘ಅಂದ ಹಾಗೆ’ ಎಂದು ಬರೆದ ಆ ಎರಡು ಸಾಲು

ನನಗೆ 24 ವರ್ಷ. ಊರು ದಾವಣಗೆರೆ. ಎಂಟನೆಯ ವಯಸ್ಸಿನಿಂದ ಭರತನಾಟ್ಯ ಕಲಿತೆ, ಸೀನಿಯರ್ ಪರೀಕ್ಷೆ ಆಗಿದೆ. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಸಮಕಾಲೀನ ನೃತ್ಯದ ಡಿಪ್ಲೊಮಾ ಮಾಡಿದೆ. ನನ್ನ ರಂಗಪ್ರವೇಶಕ್ಕೆಂದು ಅಪ್ಪ ಕೂಡಿಟ್ಟಿದ್ದ ಹಣ ಅದರ ಶುಲ್ಕಕ್ಕೆ ಹೋಯಿತು. ಈಗ ಹತ್ತು ತಿಂಗಳಿಂದ ಒಂದು ನೃತ್ಯ ತಂಡದಲ್ಲಿದ್ದೇನೆ. ತಿಂಗಳಿಗೆ 14,000 ರೂಪಾಯಿ, ಪ್ರದರ್ಶನವಿದ್ದರೆ ಒಂದಿಷ್ಟು ಹೆಚ್ಚು. ಮನೆಯಲ್ಲಿ 30,000 ಎಂದು ಹೇಳಿದ್ದೇನೆ. ಶನಿವಾರ, ಭಾನುವಾರ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಪಾಠ ಹೇಳಿ ಬಾಡಿಗೆ ತೂಗಿಸುತ್ತೇನೆ. ಪ್ರದರ್ಶನದ ವಿಡಿಯೊ ಕಳಿಸಿದರೆ ಅಪ್ಪ, ‘ಗೆಜ್ಜೆ ಯಾಕೆ ಕಟ್ಟಿಲ್ಲ?’ ಎಂದಷ್ಟೇ ಕೇಳಿದರು. ಬ್ಯಾಂಕ್ ಪರೀಕ್ಷೆಗೆ ಕಟ್ಟು ಎಂದು ಅಮ್ಮನ ಒತ್ತಾಯ. ಊರಿಗೆ ಹೋದಾಗ ಗುರುಗಳ ಮನೆಯಿರುವ ಬೀದಿಯನ್ನೇ ತಪ್ಪಿಸುತ್ತೇನೆ. ಇನ್ನು ಏಳು ವಾರಕ್ಕೆ ತಂಡ ಯುರೋಪಿಗೆ ಹೊರಡುತ್ತದೆ. ಮೊದಲ ಸಲ ನನಗೆ ಮುಖ್ಯವಾದ ಯುಗಳ ನೃತ್ಯ ಸಿಕ್ಕಿದೆ. ಈ ವಯಸ್ಸಿಗೆ ಇದು ತಪ್ಪಿದರೆ ಮುಗಿಯಿತು ಅನ್ನಿಸುತ್ತದೆ. ನೃತ್ಯವೋ ಬ್ಯಾಂಕೋ ತೀರ್ಮಾನಿಸಲಾಗುತ್ತಿಲ್ಲ. ಅಂದ ಹಾಗೆ, ಬಲ ಮಂಡಿ ಎರಡು ತಿಂಗಳಿಂದ ನೋಯುತ್ತಿದೆ, ತಾಲೀಮಿನ ನಂತರ ಊದಿಕೊಳ್ಳುತ್ತದೆ. ತಂಡದಲ್ಲಿ ಯಾರಿಗೂ ಹೇಳಿಲ್ಲ.

– ಹೆಸರು ಬೇಡ, ಬೆಂಗಳೂರು

ನಾಲ್ಕು ಪುಟಗಳ ನಿಮ್ಮ ಪತ್ರವನ್ನು ಇಲ್ಲಿ ಮೊಟಕು ಮಾಡಿದ್ದೇನೆ. ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಮುಟ್ಟಿಲ್ಲ. ಪತ್ರಗಳನ್ನು ಓದಿ ಓದಿ ನನಗೊಂದು ಅಭ್ಯಾಸವಾಗಿದೆ: ‘ಅಂದ ಹಾಗೆ’ ಎಂದು ಶುರುವಾಗುವ ಸಾಲು ಎಲ್ಲಿದೆ ಎಂದು ಮೊದಲು ಹುಡುಕುತ್ತೇನೆ. ನೃತ್ಯವೋ ಬ್ಯಾಂಕೋ ಎಂಬುದು ಈ ವಾರವೇ ಇತ್ಯರ್ಥವಾಗಬೇಕಾದ ಸಂಗತಿಯಲ್ಲ. ಬ್ಯಾಂಕುಗಳ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಸಾಮಾನ್ಯವಾಗಿ 30 ವರ್ಷದವರೆಗೆ ಕೂರಬಹುದು. ಅಮ್ಮನಿಗೆ ಇದನ್ನು ಹೇಳಿದರೆ ಅವರ ಅರ್ಧ ಆತಂಕ ಇಳಿಯುತ್ತದೆ. ಮಂಡಿಗೆ ಅಷ್ಟು ವ್ಯವಧಾನವಿಲ್ಲ.

ನಾನು ನರ್ತಕಿಯಲ್ಲ. ಆದರೆ ಗೆಳತಿಯೊಬ್ಬಳ ಮಗಳು ನಿಮ್ಮಂತೆಯೇ ಭರತನಾಟ್ಯದಿಂದ ಇತ್ತ ಬಂದವಳು. ಆ ನೆಪದಲ್ಲಿ ಒಮ್ಮೆ ಅವರ ಬೆಳಗಿನ ತರಗತಿಯ ಮೂಲೆಯಲ್ಲಿ ಕುಳಿತು ನೋಡಿದ್ದೇನೆ. ಹದಿನೈದು ಇಪ್ಪತ್ತು ಹುಡುಗ ಹುಡುಗಿಯರು ಅಂಗಾತ ಮಲಗಿದ್ದರು. ಎಷ್ಟು ಹೊತ್ತಾದರೂ ಯಾರೂ ಏಳಲಿಲ್ಲ. ಶುಲ್ಕ ಕೊಟ್ಟು ನಿದ್ದೆ ಮಾಡಲು ಬಂದಿದ್ದಾರಲ್ಲ ಎಂದುಕೊಂಡೆ. ಆಮೇಲೆ ಶಿಕ್ಷಕಿ ಒಬ್ಬೊಬ್ಬರ ಬಳಿ ಬಂದು, ತಲೆಯ ಕೆಳಗೆ ಅಂಗೈ ಒಡ್ಡಿ ಒಂದಿಷ್ಟು ಎತ್ತಿ ನೋಡುತ್ತಿದ್ದರು. ಗೆಳತಿಯ ಮಗಳ ತಲೆ ತೆಂಗಿನಕಾಯಿಯಂತೆ ಭಾರವಾಗಿ ಕೈಗೆ ಬರಬೇಕಿತ್ತು. ಅವಳ ಕತ್ತು ಗಟ್ಟಿಯಾಗಿ ತಾನೇ ಎತ್ತಿಕೊಳ್ಳುತ್ತಿತ್ತು. ‘ಬಿಟ್ಟುಕೊಡು, ನಾನು ಹಿಡಿದಿದ್ದೇನೆ’ ಎಂದು ಮೂರು ಸಲ ಹೇಳಿದ ಮೇಲೆ ಬಿಟ್ಟಳು. ಅರ್ಧ ಗಂಟೆ ಕಳೆದು ಅದೇ ಮಕ್ಕಳು ಕೇರಳದ ಸಮರಕಲೆ ಕಳರಿಪಯಟ್ಟಿನ ಗಜವಡಿವಿನಲ್ಲಿ, ಅಂದರೆ ಆನೆಯ ಭಂಗಿಯಲ್ಲಿ, ನೆಲಮಟ್ಟಕ್ಕೆ ಕುಸಿದು ನಿಂತಾಗ ನನ್ನ ತೊಡೆ ಕಂಪಿಸಿತು. ಮೈಯ ಯಾವ ಮೂಲೆಯಲ್ಲಿ ಬಿಗಿತವಿದೆ, ಎಲ್ಲಿ ಭಾರ ಕೂತಿದೆ ಎಂದು ಕಿವಿಗೊಡುವುದನ್ನೇ ಎರಡು ವರ್ಷ ನಿಮಗೆ ಕಲಿಸಿದ್ದಾರೆ. ಅಪ್ಪನ ರಂಗಪ್ರವೇಶದ ಗಂಟು ಕರಗಿದ್ದು ಆ ಪಾಠಕ್ಕೆ. ಈಗ ಒಂದು ಮಂಡಿ ಎರಡು ತಿಂಗಳಿಂದ ಕೂಗುತ್ತಿದೆ, ನೀವು ಕೇಳಿಸಲಿಲ್ಲ ಎಂಬಂತೆ ಇದ್ದೀರಿ.

ಭರತನಾಟ್ಯದಿಂದ ಬಂದವರ ಮಂಡಿಗೆ ಹಳೆಯ ಲೆಕ್ಕವೂ ಇರುವುದುಂಟು. ಮಂಡಿ ಮಡಿಸಿ ಅರ್ಧ ಕೂರುವ ಅರೆಮಂಡಿಯಲ್ಲಿ ತೊಡೆ ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಅಲ್ಲಿ ತೆರೆಯದ ಮಕ್ಕಳು ಬೈಗುಳಕ್ಕೆ ಹೆದರಿ ಪಾದವನ್ನಷ್ಟೇ ಹೊರಕ್ಕೆ ತಿರುಚುತ್ತಾರೆ; ನಡುವೆ ಸಿಕ್ಕಿಕೊಂಡ ಮಂಡಿ ತಿರುಚಿಕೊಳ್ಳುತ್ತದೆ. ಅದೂ ಸಿಮೆಂಟಿನ ನೆಲದ ಮೇಲೆ, ವರ್ಷಗಟ್ಟಲೆ ಪಾದ ತಟ್ಟುವ ತಟ್ಟಡವು. ಈಗಿನ ನೃತ್ಯದಲ್ಲಿ ಪಾದ ನೆಲಕ್ಕೆ ಅಂಟಿರುವಾಗಲೇ ಮೈ ಗಿರಕ್ಕನೆ ತಿರುಗಿ ಕೆಳಗೆ ಜಾರಬೇಕು. ಮಂಡಿಯ ಎರಡು ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿವೆ, ಮೆನಿಸ್ಕಸ್ ಎನ್ನುತ್ತಾರೆ. ಅವು ಹರಿಯುವುದು ಹೆಚ್ಚಾಗಿ ಇಂಥ ತಿರುಚುವಿಕೆಯಿಂದಲೇ. ನಿಮ್ಮದು ಅದೇ ಎಂದು ನಾನು ಹೇಳುತ್ತಿಲ್ಲ; ಬರಿಯ ಸ್ನಾಯು ದೌರ್ಬಲ್ಯವೂ ಇರಬಹುದು. ಆದರೆ ಪದೇ ಪದೇ ಊತ ಬರುತ್ತಿದ್ದರೆ, ಮೆಟ್ಟಿಲಿಳಿಯುವಾಗ ಕಾಲು ಸಿಕ್ಕಿಕೊಂಡಂತಾಗುತ್ತಿದ್ದರೆ, ಪೂರ್ತಿ ಚಾಚಲು ಬಾರದಿದ್ದರೆ, ಎಣ್ಣೆ ತಿಕ್ಕಿ ಪಟ್ಟಿ ಬಿಗಿಯುವ ಹಂತ ದಾಟಿದೆ. ಸಣ್ಣ ಹರುಕು ಎಷ್ಟೋ ಸಲ ಶಸ್ತ್ರಚಿಕಿತ್ಸೆ ಇಲ್ಲದೆ, ಬಿಡುವು ಮತ್ತು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮದಿಂದಲೇ ಸುಧಾರಿಸುತ್ತದೆ. ನೋವಿನ ಗುಳಿಗೆ ನುಂಗಿ ತಾಲೀಮು ಮುಂದುವರಿಸಿದರೆ ಸಣ್ಣದು ಸಣ್ಣದಾಗಿಯೇ ಉಳಿಯುವುದಿಲ್ಲ.

ಇನ್ನು ಮುಚ್ಚಿಡುವ ವಿಷಯ. ನಿಮ್ಮದು ಏಕಾಂಗಿ ನೃತ್ಯವಾಗಿದ್ದರೆ ನಿಮ್ಮ ಕಾಲು, ನಿಮ್ಮ ಇಷ್ಟ ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಇದು ಯುಗಳ. 1972ರಲ್ಲಿ ಅಮೆರಿಕದ ಸ್ಟೀವ್ ಪ್ಯಾಕ್ಸ್‌ಟನ್ ಮತ್ತು ಜೊತೆಗಾರರು ಶುರುಮಾಡಿದ, ಮೈಗೆ ಮೈ ತಾಗಿಸಿ ಆಶುವಾಗಿ ನರ್ತಿಸುವ ಕಾಂಟ್ಯಾಕ್ಟ್ ಇಂಪ್ರೊವೈಸೇಷನ್ ನಿಮ್ಮ ಪಠ್ಯದಲ್ಲೂ ಇದ್ದಿರಬೇಕು. ಅಲ್ಲಿಂದ ಬಂದದ್ದೇ ಈ ಭಾರ ಕೊಡುವ, ಭಾರ ತೆಗೆದುಕೊಳ್ಳುವ ವಿದ್ಯೆ. ನಿಮ್ಮ ಜೊತೆಗಾರ ನಿಮ್ಮ ಬಲಗಾಲು ನಿಲ್ಲುತ್ತದೆ ಎಂಬ ಲೆಕ್ಕದಲ್ಲಿ ಮೈಯೊಡ್ಡುತ್ತಾನೆ. ಅದು ನಿಲ್ಲದ ದಿನ ಬೀಳುವವರು ಇಬ್ಬರು. ಅವನಿಗೆ ಗೊತ್ತಿರಬೇಕಾದ ಸಂಗತಿಯನ್ನು ನೀವು ಬಚ್ಚಿಟ್ಟಿದ್ದೀರಿ. ಪತ್ರದಲ್ಲಿ ಅವನ ಪ್ರಸ್ತಾಪವೇ ಇಲ್ಲದ್ದು ನನಗೆ ಸ್ವಲ್ಪ ಬೇಸರ ತಂದಿತು.

ಕಾಗದಪತ್ರದ ಮಾತೂ ಇದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಂಥ ಪ್ರವಾಸ ವಿಮೆಗಳು ಸಾಮಾನ್ಯವಾಗಿ ಹೊರಡುವ ಮೊದಲೇ ಇದ್ದ ತೊಂದರೆಗೆ ಹಣ ಕೊಡುವುದಿಲ್ಲ. ಅಲ್ಲಿ ಮಂಡಿ ಕೈಕೊಟ್ಟು, ಇದು ಎಷ್ಟು ದಿನದಿಂದ ಎಂದು ವೈದ್ಯರು ಕೇಳಿದಾಗ ಏನು ಹೇಳುತ್ತೀರಿ? ಆಸ್ಪತ್ರೆಯ ಬಿಲ್ಲು ಕೊನೆಗೆ ಬರುವುದು ದಾವಣಗೆರೆಗೆ.

ಆದ್ದರಿಂದ ಈ ವಾರವೇ ಕ್ರೀಡಾಪಟುಗಳ ಗಾಯ ನೋಡುವ ಮೂಳೆ ವೈದ್ಯರನ್ನು ಕಾಣಿ. ನಿರ್ದೇಶಕರಿಗೂ ಈ ವಾರವೇ ಹೇಳಿ. ವರದಿ ಬರಲಿ ಎಂದು ಕಾಯುವುದು ಬೇಡ. ‘ಬಲ ಮಂಡಿ ಎರಡು ತಿಂಗಳಿಂದ ಊದುತ್ತಿದೆ, ಇಷ್ಟನೇ ತಾರೀಖಿಗೆ ವೈದ್ಯರನ್ನು ನೋಡುತ್ತಿದ್ದೇನೆ, ಅಲ್ಲಿಯವರೆಗೆ ಆ ತಿರುಗಿ ಬೀಳುವ ಭಾಗವನ್ನು ಪೂರ್ತಿ ಮಾಡದೆ, ಹೆಜ್ಜೆಯ ಗುರುತನ್ನಷ್ಟೇ ತೋರಿಸುತ್ತೇನೆ.’ ಇಷ್ಟು ಸಾಕು. ಕ್ಷಮೆ ಕೇಳುವುದು, ಅಳುವುದು ಬೇಡ. ಯುಗಳ ಕೈತಪ್ಪಬಹುದು, ತಪ್ಪುವುದೇ ಇಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ. ಆದರೆ ನಿಮ್ಮ ನೃತ್ಯ ಪ್ರಕಾರದಲ್ಲಿ ಒಂದು ಅನುಕೂಲವಿದೆ, ಕೃತಿ ಕಟ್ಟಿದವರು ಕಣ್ಣೆದುರೇ ಇರುತ್ತಾರೆ. ಬೀಳುವ ಕಡೆ ಕೂರುವಂತೆ, ಬಲದ ಬದಲು ಎಡಕ್ಕೆ ತಿರುಗುವಂತೆ ಬದಲಿಸಿದರೆ ಯಾವ ಪರಂಪರೆಯೂ ಮುನಿಯುವುದಿಲ್ಲ. ಏಳು ವಾರ ಮೊದಲು ಹೇಳಿದರೆ ಅದಕ್ಕೆ ಸಮಯವಿದೆ, ಬದಲಿ ನರ್ತಕಿಯನ್ನು ತಯಾರು ಮಾಡಲೂ ಸಮಯವಿದೆ. ಮಾತ್ರೆ ನುಂಗಿ ಬಾ ಎಂಬ ಉತ್ತರ ಬಂದರೆ, ಆ ತಂಡದಲ್ಲಿ ಎಷ್ಟು ವರ್ಷ ಇರಬೇಕು ಎಂಬುದಕ್ಕೂ ಉತ್ತರ ಸಿಕ್ಕಂತೆ.

24ಕ್ಕೆ ತಪ್ಪಿದರೆ ಮುಗಿಯಿತು ಎಂದಿದ್ದೀರಿ. ಚೆನ್ನೈನ ನೃತ್ಯ ಸಂಯೋಜಕಿ ಚಂದ್ರಲೇಖಾ 1952ರಲ್ಲಿ ಭರತನಾಟ್ಯದ ರಂಗಪ್ರವೇಶ ಮಾಡಿದವರು. 1972ರ ‘ನವಗ್ರಹ’ದ ನಂತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ವೇದಿಕೆಯಿಂದ ದೂರ ಉಳಿದರು. ಭರತನಾಟ್ಯ, ಕಳರಿ, ಯೋಗಗಳನ್ನು ಒಂದೆಡೆ ತಂದ ‘ಅಂಗಿಕ’ವನ್ನು 1985ರಲ್ಲಿ ಕಟ್ಟಿದಾಗ ಅವರಿಗೆ ಐವತ್ತು ದಾಟಿತ್ತು. ಅವರ ‘ಶರೀರ’ ಎಂಬ ಕೃತಿಯಲ್ಲಿ ವರ್ಷಗಟ್ಟಲೆ ನರ್ತಿಸಿದ ಕವಯಿತ್ರಿ ತಿಶಾನಿ ದೋಶಿ ಅವರ ಬಳಿ ಬಂದದ್ದೇ 26ನೆಯ ವಯಸ್ಸಿನಲ್ಲಿ. ಅಂದರೆ ನಿಮಗೆ ನಿಮ್ಮ ಕಲೆಯೊಳಗೇ ವಿರಾಮದ ದಾರಿಯಿದೆ. ರಿಯಾಲಿಟಿ ಶೋ ನೋಡಿ ವಯಸ್ಸು ಲೆಕ್ಕ ಹಾಕಬೇಡಿ.

ನಾನು ಮೊಟಕು ಮಾಡಿದ ಭಾಗದಲ್ಲಿ, ಅಮ್ಮ ಇದು ಕೆಲಸವೇ ಅಲ್ಲ, ಸಂಬಳವೂ ಸಾಲದು ಎನ್ನುತ್ತಾರೆ ಎಂದು ಬರೆದಿದ್ದಿರಿ. ಮಾಸ್ಕೋದಲ್ಲಿ ನೃತ್ಯ ಸಂಯೋಜನೆ ಕಲಿತ ಮಾಯಾ ರಾವ್ ತಮ್ಮ ಸಂಸ್ಥೆಯನ್ನು 1987ರಲ್ಲಿ ಬೆಂಗಳೂರಿಗೆ ತಂದರು. ಸಮಕಾಲೀನ ನೃತ್ಯದ ಸಂಸ್ಥೆ ಅಟ್ಟಕ್ಕಲರಿ ಶುರುವಾದದ್ದು 1992ರಲ್ಲಿ. ಮಾಯಾ ಅವರ ಮಗಳು ಮಧು ನಟರಾಜ್ ತಂಡ ಕಟ್ಟಿದ್ದು 1995ರಲ್ಲಿ. ಈ ನಗರದಲ್ಲಿ ಇದು ನಿನ್ನೆ ಮೊನ್ನೆಯ ಹುಚ್ಚೇನಲ್ಲ. ಆದರೆ ಸಂಬಳದ ವಿಷಯದಲ್ಲಿ ಅಮ್ಮ ಹೇಳುವುದು ಸರಿ. ನಿಮ್ಮ ಸಾಲಿನ ಬಹುತೇಕರು ಮಕ್ಕಳಿಗೆ ಪಾಠ ಹೇಳಿಯೇ ಬಾಡಿಗೆ ಕಟ್ಟುತ್ತಾರೆ, ಅದರಲ್ಲಿ ನಾಚಿಕೆಯಿಲ್ಲ. ನೀವು ಬಿ.ಕಾಂ. ಓದಿದವರು, ತಂಡ ನಿಮ್ಮ ಹಣವನ್ನು ವೃತ್ತಿ ಶುಲ್ಕವೆಂದು ತೋರಿಸಿ ಶೇ 10ರಷ್ಟು ತೆರಿಗೆ (ಟಿಡಿಎಸ್) ಕಡಿಯುತ್ತಿದ್ದರೆ, ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯುತ್ತಿದ್ದೀರಾ? ಗಾಯವಾದರೆ ಖರ್ಚು ಯಾರದು ಎಂದು ಬರಹದಲ್ಲಿದೆಯೇ? ಇವೆರಡನ್ನೂ ನೋಡಿಕೊಳ್ಳಿ.

ಅಪ್ಪನಿಗೆ 14,000 ಎಂದು ಹೇಳಿಬಿಡಿ. ಚಿಕಿತ್ಸೆಗೆ ಹಣ ಬೇಕಾದಾಗ, ತಿಂಗಳಿಗೆ ಮೂವತ್ತು ಸಾವಿರ ಎಣಿಸುವ ಮಗಳ ಬಳಿ ಯಾಕಿಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಸಿಕ್ಕಿಬೀಳುವುದಕ್ಕಿಂತ ಈಗ ಹೇಳುವುದು ಹಗುರ. ನಿರ್ದೇಶಕರಿಗೆ ಮಂಡಿ ಮುಚ್ಚಿಟ್ಟದ್ದು, ಅಪ್ಪನಿಗೆ ಸಂಬಳ ಮುಚ್ಚಿಟ್ಟದ್ದು, ಎರಡೂ ಒಂದೇ ಅಭ್ಯಾಸದ ಎರಡು ಕೊಂಬೆ.

ಅವರ ಗೆಜ್ಜೆಯ ಪ್ರಶ್ನೆ ನಿಮ್ಮನ್ನು ಚುಚ್ಚಿದೆ. ನನಗೆ ಹಾಗೆ ಕೇಳಿಸಲಿಲ್ಲ. ರಂಗಪ್ರವೇಶವೆಂದರೆ ನಮ್ಮಲ್ಲಿ ಸಣ್ಣ ಮದುವೆ: ಸಭಾಂಗಣ, ಮೃದಂಗ, ಹಾಡುಗಾರರು, ರೇಷ್ಮೆಯ ಉಡುಪು, ಬಂದವರಿಗೆ ಊಟ. ಮೊದಲ ಸಾಲಿನಲ್ಲಿ ಕೂರುವ ಆ ಒಂದು ಸಂಜೆಯನ್ನು ಅವರು ನಿಮ್ಮ ಡಿಪ್ಲೊಮಾಕ್ಕೆ ಬಿಟ್ಟುಕೊಟ್ಟಿದ್ದಾರೆ. ವಿಡಿಯೊದಲ್ಲಿ ತಮಗೆ ಗೊತ್ತಿರುವ ಒಂದು ವಸ್ತುವನ್ನು ಹುಡುಕಿದರು, ಸಿಗಲಿಲ್ಲ, ಕೇಳಿದರು. ಉತ್ತರ ಕೊಡಿ. ನೆಲದ ಮೇಲೆ ಹೊರಳುವಾಗ ಗೆಜ್ಜೆಯಿದ್ದರೆ ಮೈ ತರಚುತ್ತದೆ, ಜೊತೆಗಾರನ ಮುಖಕ್ಕೆ ಬಡಿಯುತ್ತದೆ ಎಂದು ಹೇಳಿ. ಅವರು ನಕ್ಕಾರು. ಆ ನಗೆಯ ಬೆನ್ನಲ್ಲೇ ಸಂಬಳದ ಮಾತು ತೆಗೆಯಿರಿ.

ಗುರುಗಳ ಮನೆಗೆ ಹಣ್ಣು ಹೂವು ಹಿಡಿದು ಹೋಗಿ, ನಮಸ್ಕರಿಸಿ ಬನ್ನಿ. ಅಲ್ಲಿ ವಾದ ಬೇಡ.

ವೈದ್ಯರ ಬಳಿ ಹೋಗುವಾಗ ಆ ಯುಗಳದ ತಾಲೀಮಿನ ವಿಡಿಯೊ ಮೊಬೈಲಿನಲ್ಲಿರಲಿ. ಬರಿದೇ ನೃತ್ಯ ಮಾಡುತ್ತೇನೆ ಎಂದರೆ ಅವರು ಮದುವೆ ಮನೆಯ ಕುಣಿತ ಎಂದುಕೊಂಡು ಒಂದು ವಾರ ವಿಶ್ರಾಂತಿ ಬರೆದು ಕಳಿಸಿಯಾರು. ತಿರುಗಿ ಬೀಳುವ ಆ ಕ್ಷಣಕ್ಕೆ ನಿಲ್ಲಿಸಿ, ಇಲ್ಲಿ, ಈ ಕಾಲು ಎಂದು ತೋರಿಸಿ.