ಆ್ಯಪ್ ತಲೆಗೆ ಹತ್ತದಿದ್ದರೆ ತಪ್ಪು ತಲೆಯದ್ದೇ ಆಗಬೇಕಿಲ್ಲ

ಓದುಗರ ಪ್ರಶ್ನೆಗಳಿಗೆ ಸಾಫ್ಟ್‌ವೇರ್ ಎಂಜಿನಿಯರ್ ಉತ್ತರ

ಪ್ರಶ್ನೆ: ಕಣ್ಣು ಮುಚ್ಚಿಕೊಂಡರೆ ನನಗೆ ಯಾವ ಚಿತ್ರವೂ ಕಾಣುವುದಿಲ್ಲ. ಎಲ್ಲರಿಗೂ ಹೀಗೇ ಅಂದುಕೊಂಡಿದ್ದೆ. ಇದಕ್ಕೆ ಅಫ್ಯಾಂಟೇಸಿಯಾ ಅನ್ನುತ್ತಾರೆ ಅಂತ ಈಚೆಗೆ ಗೊತ್ತಾಯಿತು. ಯಾವುದೇ ಆ್ಯಪ್‌ನ ಡಿಸೈನ್ ಬದಲಾದಾಗ ಮನೆಯವರಿಗಿಂತ ನಾನೇ ಜಾಸ್ತಿ ಒದ್ದಾಡುತ್ತೇನೆ. ಇವೆರಡಕ್ಕೂ ಸಂಬಂಧ ಇದೆಯಾ? ಕಂಪನಿಗಳು ನಮ್ಮಂಥವರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಾ?

ಉತ್ತರ: ಎಲ್ಲರಿಗೂ ಹೀಗೇ ಅಂದುಕೊಂಡಿದ್ದವರು ನೀವೊಬ್ಬರೇ ಅಲ್ಲ. 1880ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಅನ್ನುವ ವಿಜ್ಞಾನಿ ತನಗೆ ಗೊತ್ತಿದ್ದವರನ್ನೆಲ್ಲ ಒಂದು ಪ್ರಶ್ನೆ ಕೇಳಿದ: ಬೆಳಿಗ್ಗೆ ತಿಂಡಿ ತಿಂದ ಮೇಜನ್ನು ನೆನಪಿಸಿಕೊಳ್ಳಿ, ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ? ಅವನ ವಿಜ್ಞಾನಿ ಗೆಳೆಯರಲ್ಲೇ ಹಲವರು 'ಕಾಣುವುದಾ? ಅದೆಲ್ಲ ಸುಮ್ನೆ ಮಾತಿಗೆ ಹೇಳುವುದಲ್ವಾ' ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಇದಕ್ಕೊಂದು ಹೆಸರು ಸಿಕ್ಕಿದ್ದು ಮಾತ್ರ 2015ರಲ್ಲಿ, ಎಕ್ಸೆಟರ್ ವಿಶ್ವವಿದ್ಯಾಲಯದ ಆಡಮ್ ಝೆಮನ್ ಮತ್ತು ಜೊತೆಗಾರರಿಂದ. ಮರುವರ್ಷ ಫೈರ್‌ಫಾಕ್ಸ್ ಬ್ರೌಸರ್ ಕಟ್ಟಿದವರಲ್ಲಿ ಒಬ್ಬರಾದ ಬ್ಲೇಕ್ ರಾಸ್ ತನಗೂ ಹೀಗೇ ಅಂತ ಬರೆದರು. ಪಿಕ್ಸಾರ್ ಸ್ಥಾಪಕರಲ್ಲೊಬ್ಬರಾದ ಎಡ್ ಕ್ಯಾಟ್ಮಲ್ ಕೂಡ ಈ ಗುಂಪಿನವರೇ. ಜೀವನಪೂರ್ತಿ ಆ್ಯನಿಮೇಶನ್ ಕೆಲಸದಲ್ಲಿದ್ದ ಮನುಷ್ಯನಿಗೆ ತಲೆಯೊಳಗೆ ಒಂದು ಚಿತ್ರವೂ ಮೂಡುವುದಿಲ್ಲ!

ಈಗ ನಿಮ್ಮ ಮೊದಲ ಪ್ರಶ್ನೆ. ನೇರ ಸಂಬಂಧ ಇದೆ ಅಂತ ಹೇಳಲಾರೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಫ್ಯಾಂಟೇಸಿಯಾ ಇರುವವರಿಗೆ ಕೋಣೆಗಳ ಫೋಟೊ ತೋರಿಸಿ, ಆಮೇಲೆ ನೆನಪಿನಿಂದ ಅದರ ಚಿತ್ರ ಬರೆಯಲು ಹೇಳಿದರು. ಅವರ ಚಿತ್ರಗಳಲ್ಲಿ ವಸ್ತುಗಳು ಕಡಿಮೆ ಇದ್ದವು, ಬಣ್ಣವೂ ಕಡಿಮೆ, ಆದರೆ ಬರೆದ ವಸ್ತು ಎಲ್ಲಿತ್ತೋ ಅಲ್ಲೇ ಇತ್ತು. ಅಂದರೆ ಜಾಗದ ನೆನಪು ಗಟ್ಟಿಯಾಗಿಯೇ ಇದೆ. ನನ್ನ ಊಹೆ ಏನೆಂದರೆ, ಆ್ಯಪ್ ಬಳಸುವಾಗ ನೀವು ನೆಚ್ಚಿಕೊಂಡಿರುವುದು ಆ ಜಾಗದ ನೆನಪನ್ನೇ ಇರಬಹುದು. ಬಟನ್ ಹೇಗಿತ್ತು ಅನ್ನುವುದಕ್ಕಿಂತ ಎಲ್ಲಿತ್ತು ಅನ್ನುವುದು ನಿಮ್ಮ ಕೈಗೆ ಗೊತ್ತು. ಡಿಸೈನ್ ಬದಲಾದಾಗ ಮೊದಲು ಕದಲುವುದು ಅದೇ. ಊಹೆ ಅಂತಲೇ ಇಟ್ಟುಕೊಳ್ಳಿ.

ಎರಡನೆಯದಕ್ಕೆ ಮಾತ್ರ ಖಚಿತ ಉತ್ತರ ಇದೆ, ಯಾಕೆಂದರೆ ಅದು ನಮ್ಮ ಕೆಲಸದ ಒಳಗಿನ ವಿಷಯ. ನಿಮ್ಮನ್ನು ಬೇಕೆಂದೇ ಬಿಡುವುದಿಲ್ಲ. ನಾವು ಅಳೆಯುವ ರೀತಿಯಲ್ಲಿ ನೀವು ಕಾಣುವುದೇ ಇಲ್ಲ.

ಹೇಗೆ ಅಂತ ನೋಡಿ. ಸೆಟ್ಟಿಂಗ್ಸ್ ಬಟನ್ನನ್ನು ಮೇಲಿನ ಮೂಲೆಯಿಂದ ತೆಗೆದು ಪ್ರೊಫೈಲ್ ಫೋಟೊದ ಒಳಗೆ ಇಡಬೇಕು ಅಂತ ಯಾರೋ ಹೇಳುತ್ತಾರೆ. ಸರಿ, ಎ/ಬಿ ಟೆಸ್ಟ್ ಮಾಡೋಣ ಅನ್ನುತ್ತೇವೆ: ಅರ್ಧ ಜನರಿಗೆ ಹಳೆಯದು, ಅರ್ಧ ಜನರಿಗೆ ಹೊಸದು, ಯಾವುದರಲ್ಲಿ ಕೆಲಸ ಬೇಗ ಮುಗಿಯುತ್ತದೆ ನೋಡುವುದು. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಹಳೆಯದರಲ್ಲಿ ಪ್ರತಿಯೊಬ್ಬರಿಗೂ 10 ಸೆಕೆಂಡ್ ಬೇಕಿತ್ತು. ಹೊಸದು ಸಿಕ್ಕ 100 ಜನರಲ್ಲಿ 80 ಜನ 6 ಸೆಕೆಂಡಿಗೆ ಮುಗಿಸಿದರು, 8 ಜನ 25 ಸೆಕೆಂಡ್ ತೆಗೆದುಕೊಂಡರು, ಉಳಿದ 12 ಜನ ಹುಡುಕಿ ಹುಡುಕಿ ಸಾಕಾಗಿ ಬಿಟ್ಟು ಹೋದರು. ಮುಗಿಸಿದ 88 ಜನರ ಸರಾಸರಿ ತೆಗೆದರೆ ಸುಮಾರು 7.7 ಸೆಕೆಂಡ್. ಗ್ರಾಫ್ ಚೆನ್ನಾಗಿದೆ, ಮೀಟಿಂಗಿನಲ್ಲಿ ಎಲ್ಲರಿಗೂ ಖುಷಿ, ಹೊಸ ಡಿಸೈನ್ ಬಿಡುಗಡೆ. ಆ 12 ಜನರ ಸಮಯ ಈ ಸರಾಸರಿಗೆ ಸೇರುವುದೇ ಇಲ್ಲ, ಯಾಕೆಂದರೆ ಅವರು ಮುಗಿಸಲೇ ಇಲ್ಲವಲ್ಲ. ಅವರ ಲೆಕ್ಕ ಬೇರೆ ಟೇಬಲ್‌ನಲ್ಲಿ ಇರುತ್ತದೆ, ಯಾರಾದರೂ ಹೋಗಿ ತೆರೆದು ನೋಡಿದರೆ ಸಿಗುತ್ತದೆ. 8 ಜನರಿಗೆ ಮೊದಲಿನ ಎರಡೂವರೆ ಪಟ್ಟು ಸಮಯ ಹಿಡಿಯಿತು ಅನ್ನುವುದೂ ಸರಾಸರಿಯಲ್ಲಿ ಕರಗಿಹೋಯಿತು.

ಆ 20 ಜನ ಯಾರು? ಮೈಮರೆತವರೂ ಇರಬಹುದು, ವಯಸ್ಸಾದವರೂ ಇರಬಹುದು. ಆದರೆ ಪ್ರತಿ ಬದಲಾವಣೆಯಲ್ಲೂ ಅದೇ ಬಗೆಯ ತಲೆಯವರು ಮತ್ತೆ ಮತ್ತೆ ಆ ಗುಂಪಿಗೆ ಬೀಳುತ್ತಿದ್ದರೆ, ಒಂದೊಂದೂ ಗೆದ್ದ ಹತ್ತು ಟೆಸ್ಟ್ ಆದ ಮೇಲೆ ಆ ಆ್ಯಪ್ ಅವರ ಕೈಗೆ ಸಿಗದ ಹಾಗಾಗಿರುತ್ತದೆ. ಆಮೇಲೆ ನಾವೇ ಹೇಳುತ್ತೇವೆ, ನಮ್ಮ ಬಳಕೆದಾರರಿಗೆ ಈ ಡಿಸೈನ್ ಇಷ್ಟ ಅಂತ. ಇಷ್ಟವಾಗದವರು ಆಗಲೇ ಹೋಗಿದ್ದಾರೆ ಮಾರಾಯರೇ!

ನಿಮ್ಮ ಕೈಯಲ್ಲಿ ಏನಿದೆ ಅಂದರೆ, ಫೀಡ್‌ಬ್ಯಾಕ್ ಬರೆಯುವಾಗ 'ಹೊಸ ಡಿಸೈನ್ ಚೆನ್ನಾಗಿಲ್ಲ' ಅಂತ ಬರೆಯಬೇಡಿ, ಅದನ್ನು ನಾವು ಓದಿ ಪಕ್ಕಕ್ಕಿಡುತ್ತೇವೆ. 'ಬಿಲ್ ಡೌನ್‌ಲೋಡ್ ಮಾಡಲು ಹೋದೆ, ಮೂರು ಕಡೆ ಒತ್ತಿದೆ, ಸಿಗಲಿಲ್ಲ, ಬಿಟ್ಟೆ' ಅಂತ ಬರೆಯಿರಿ. 'ಬಿಟ್ಟೆ' ಅನ್ನುವ ಮಾತು ಇದ್ದರೆ ಯಾರಾದರೊಬ್ಬರು ಆ ಇನ್ನೊಂದು ಟೇಬಲ್ ತೆರೆಯುತ್ತಾರೆ.

ಪ್ರಶ್ನೆ: ನಾನೂ ಎಂಜಿನಿಯರ್, ನನಗೆ ಎಡಿಎಚ್‌ಡಿ ಇದೆ. ನಮ್ಮ ಪ್ರಾಡಕ್ಟ್ ಗಮನ ಚದುರುವವರಿಗೆ ಕಷ್ಟ ಅಂತ ಮ್ಯಾನೇಜರ್‌ಗೆ ಹೇಳಿದೆ. 'ಸೆಟ್ಟಿಂಗ್ಸ್‌ನಲ್ಲಿ ಒಂದು ಫೋಕಸ್ ಮೋಡ್ ಹಾಕೋಣ' ಅಂದರು. ಸಾಕಾಗುತ್ತದಾ?

ಉತ್ತರ: ಇಲ್ಲ. ಆ ಮೋಡ್ ಇದೆ ಅಂತ ತಿಳಿದು, ನೆನಪಿಟ್ಟು, ಮೂರು ಪುಟ ದಾಟಿ, ದಾರಿಯಲ್ಲಿ ಬೇರೆ ಯಾವುದಕ್ಕೂ ಸಿಕ್ಕಿಕೊಳ್ಳದೆ ಅದನ್ನು ಆನ್ ಮಾಡಲು ಬೇಕಾಗುವುದು ಗಮನವೇ ಅಲ್ವಾ? ಮೋಡ್ ಇದ್ದರೆ ಬೇಡ ಅನ್ನುವುದಿಲ್ಲ. ಆದರೆ ಹತ್ತು ಆನ್-ಆಫ್ ಸ್ವಿಚ್ ಇಟ್ಟರೆ 1,024 ಜೋಡಣೆಗಳಾಗುತ್ತವೆ, ಅಷ್ಟನ್ನು ಯಾವ ಟೆಸ್ಟಿಂಗ್ ತಂಡವೂ ನೋಡುವುದಿಲ್ಲ. ಮೊದಲು ಕೆಡುವುದು ಕಡಿಮೆ ಜನ ಬಳಸುವ ಮೋಡ್. ಅಲ್ಲಿಗೆ ಯಾರಿಗಾಗಿ ಮಾಡಿದಿರೋ ಅವರಿಗೇ ಅದು ಕೈಕೊಡುತ್ತದೆ.

ಅದಕ್ಕಿಂತ ಮಾಮೂಲಿ ದಾರಿಯನ್ನೇ ಸರಿಮಾಡಿ. ಅರ್ಧ ತುಂಬಿದ ಫಾರ್ಮ್ ಹಾಗೇ ಉಳಿಯಲಿ. ಮಧ್ಯದಲ್ಲಿ ಎದ್ದುಹೋಗಿ ಅರ್ಧ ಗಂಟೆ ಬಿಟ್ಟು ಬಂದರೆ 'ಇಲ್ಲಿಯವರೆಗೆ ಆಗಿದೆ, ಇದು ಬಾಕಿ' ಅಂತ ಮುಖಕ್ಕೆ ಕಾಣಲಿ. ಸೆಷನ್ ಮುಗಿಯುವ ಮೊದಲು ಎಚ್ಚರಿಸಿ, ಒಂದೇ ಒತ್ತಿಗೆ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡಿ ಅಂತ ವೆಬ್‌ಸೈಟ್‌ಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಅನ್ನುವ ಮಾನದಂಡವಾದ ಡಬ್ಲ್ಯುಸಿಎಜಿಯೇ ಹೇಳುತ್ತದೆ. 2023ರಲ್ಲಿ ಬಂದ ಅದರ 2.2 ಆವೃತ್ತಿ ಇನ್ನೂ ಮುಂದೆ ಹೋಗಿದೆ: ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಕೆಲಸದಲ್ಲಿ ಮತ್ತೆ ತುಂಬಿಸಬೇಡಿ, ಲಾಗಿನ್ ಆಗಲು ನೆನಪಿನ ಶಕ್ತಿಯೊಂದನ್ನೇ ಪರೀಕ್ಷಿಸಬೇಡಿ. ಮ್ಯಾನೇಜರ್‌ಗೆ ನಿಮ್ಮ ಕಷ್ಟ ಹೇಳುವ ಬದಲು ಇದನ್ನು ತೋರಿಸಿ, ಬೇಗ ಕೇಳುತ್ತಾರೆ. ಬೇಜಾರಿನ ಸಂಗತಿ, ಆದರೆ ನಿಜ.

ಒಟಿಪಿಯನ್ನೇ ತೆಗೆದುಕೊಳ್ಳಿ. ಮೆಸೇಜ್ ಬಂತು, ಆರು ಅಂಕಿ ನೋಡಿಕೊಂಡಿರಿ, ಆ್ಯಪ್‌ಗೆ ವಾಪಸ್ ಬರುವಷ್ಟರಲ್ಲಿ ಮೇಲೆ ಇನ್ನೊಂದು ನೋಟಿಫಿಕೇಶನ್ ಇಳಿಯಿತು, ಕೊನೆಯ ಎರಡು ಅಂಕಿ ಮಾಯ. ಒಂದೇ ಹೊತ್ತಿಗೆ ತಲೆಯಲ್ಲಿ ಏಳು ಸಂಗತಿ ಹಿಡಿದಿಡಬಹುದು ಅಂತ 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಬರೆದದ್ದು ಎಲ್ಲರಿಗೂ ಗೊತ್ತು, ಡಿಸೈನ್ ಮೀಟಿಂಗುಗಳಲ್ಲಿ ಇವತ್ತಿಗೂ ಅದನ್ನೇ ಹೇಳುತ್ತಾರೆ. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ನಾಲ್ಕು ಅನ್ನುವುದೂ ಸರಾಸರಿಯೇ, ನೆನಪಿರಲಿ. ಒಟಿಪಿ ತಾನಾಗಿಯೇ ತುಂಬಿಕೊಳ್ಳುವ ಸೌಲಭ್ಯ ಬಂದ ಮೇಲೆ ಎಲ್ಲರಿಗೂ ಹಾಯಾಯಿತು. ಅದಕ್ಕೆ ಯಾರೂ ಯಾವ ಮೋಡ್‌ನ ಹೆಸರನ್ನೂ ಇಡಲಿಲ್ಲ.

ಕೊನೆಯಿಲ್ಲದ ಸ್ಕ್ರೋಲ್ ನಿಮ್ಮ ಪ್ರಾಡಕ್ಟ್‌ನಲ್ಲಿದ್ದರೆ ಅದರ ಬಗ್ಗೆಯೂ ಜಗಳವಾಡಿ. 2006ರಲ್ಲಿ ಅದನ್ನು ರೂಪಿಸಿದ ಏಝಾ ರಾಸ್ಕಿನ್ ಅವರೇ ಆಮೇಲೆ ಅದರ ಬಗ್ಗೆ ಬಹಿರಂಗವಾಗಿ ವಿಷಾದಿಸಿದ್ದಾರೆ. ನಿಲ್ಲಲು ಒಂದು ಜಾಗವೇ ಇಲ್ಲದಿದ್ದರೆ, ನಿಲ್ಲುವುದೇ ಕಷ್ಟವಾದ ಮನಸ್ಸು ಏನು ಮಾಡಬೇಕು? ಇಲ್ಲಿ ಮಾತ್ರ ಮ್ಯಾನೇಜರ್ ಸುಲಭವಾಗಿ ಒಪ್ಪಲಿಕ್ಕಿಲ್ಲ, ಯಾಕೆಂದರೆ ಅವರ ಗ್ರಾಫ್ ಏರುವುದು ಅದರಿಂದಲೇ.

ಪ್ರಶ್ನೆ: ನನ್ನ ಮಗಳಿಗೆ ಓದುವುದು ಕಷ್ಟ, ಡಿಸ್ಲೆಕ್ಸಿಯಾ ಇದೆ ಅಂತ ಹೇಳಿದ್ದಾರೆ. ಒಂದು ಕಲಿಕೆ ಆ್ಯಪ್ ನೋಡಿದೆ. ಮಗು ನೋಡಿ ಕಲಿಯುವ ಬಗೆಯೋ ಕೇಳಿ ಕಲಿಯುವ ಬಗೆಯೋ ಅಂತ ಟೆಸ್ಟ್ ಮಾಡಿ ಅದಕ್ಕೆ ತಕ್ಕ ಪಾಠ ಕೊಡುತ್ತದಂತೆ, ಡಿಸ್ಲೆಕ್ಸಿಯಾಗೆಂದೇ ಬೇರೆ ಫಾಂಟ್ ಕೂಡ ಇದೆಯಂತೆ. ದುಡ್ಡು ಕಟ್ಟಲಾ?

ಉತ್ತರ: ಈ ಎರಡು ಕಾರಣಕ್ಕಾಗಿ ಕಟ್ಟಬೇಡಿ. ತಲೆಗಳು ಬೇರೆ ಬೇರೆ ಅನ್ನುವುದು ನಿಜ, ಆದರೆ ಆ ನಿಜವನ್ನು ಹಿಡಿದು ಏನು ಬೇಕಾದರೂ ಮಾರುವವರಿದ್ದಾರೆ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ವಿಂಗಡಿಸಿ ಪಾಠ ಮಾಡಿದರೆ ಕಲಿಕೆ ಸುಧಾರಿಸುತ್ತದೆ ಅನ್ನುವುದಕ್ಕೆ ಸರಿಯಾದ ಪುರಾವೆ ಇಲ್ಲ ಅಂತ 2008ರಲ್ಲೇ ಮನಶ್ಶಾಸ್ತ್ರಜ್ಞರ ತಂಡವೊಂದು ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದೆ. ವಿಶೇಷ ಫಾಂಟ್‌ಗಳ ಬಗ್ಗೆಯೂ ಹೇಳಿಕೊಳ್ಳುವಂಥ ಪುರಾವೆ ಸಿಕ್ಕಿಲ್ಲ. ಅಕ್ಷರಗಳ ನಡುವೆ ಜಾಗ ಜಾಸ್ತಿ ಮಾಡಿದರೆ ಡಿಸ್ಲೆಕ್ಸಿಯಾ ಇರುವ ಮಕ್ಕಳು ಇನ್ನೂ ಸರಾಗವಾಗಿ ಓದಿದರು ಅಂತ ಇಟಾಲಿಯನ್ ಮತ್ತು ಫ್ರೆಂಚ್ ಮಕ್ಕಳ ಮೇಲೆ ನಡೆದ 2012ರ ಅಧ್ಯಯನದಲ್ಲಿ ಕಂಡುಬಂದಿತ್ತು. ಅಂತರ ಹೆಚ್ಚಿಸಲು ಹಲವು ಓದುವ ಆ್ಯಪ್‌ಗಳಲ್ಲಿ ದುಡ್ಡಿಲ್ಲದೆಯೇ ಆಗುತ್ತದೆ, ಮೊದಲು ಅದನ್ನು ಮಾಡಿ ನೋಡಿ.

ಓದು ಕಲಿಸಲು ಡಿಸ್ಲೆಕ್ಸಿಯಾ ತರಬೇತಿ ಇರುವ ಶಿಕ್ಷಕರೇ ಬೇಕು, ಅದು ಆ್ಯಪ್‌ನ ಕೆಲಸವಲ್ಲ. ಆದರೂ ಆ್ಯಪ್ ತೆಗೆದುಕೊಳ್ಳುವುದಾದರೆ, ಪಾಠವನ್ನು ಗಟ್ಟಿಯಾಗಿ ಓದಿ ಹೇಳುತ್ತದಾ, ಓದುತ್ತಿರುವ ಪದ ಪರದೆಯ ಮೇಲೆ ಎದ್ದು ಕಾಣುತ್ತದಾ, ವೇಗ ಕಡಿಮೆ ಮಾಡಬಹುದಾ, ಟೈಮರ್ ಆಫ್ ಮಾಡಬಹುದಾ ನೋಡಿ. ಉಚಿತ ಟ್ರಯಲ್ ಇದ್ದರೆ ಮಗಳ ಕೈಗೇ ಕೊಡಿ, ಪಕ್ಕದಲ್ಲಿ ಕೂತು ಏನೂ ಹೇಳಿಕೊಡಬೇಡಿ. ಎಲ್ಲಿ ಬಿಟ್ಟು ಎದ್ದಳು ಅಂತ ಬರೆದಿಟ್ಟುಕೊಳ್ಳಿ.